ಚದುರಂಗ ಒಗಟಿನ ಜಿಯೋಕ್ಯಾಶ್

ಚದುರಂಗ ಒಗಟಿನ ಜಿಯೋಕ್ಯಾಶ್ ಎಂಬುದು ಜಿಯೋಕ್ಯಾಶಿಂಗ್ ಆಟದಲ್ಲಿ ಬಳಕೆಯಲ್ಲಿರುವ ಒಗಟು ಕ್ಯಾಶ್‌ಗಳ ಒಂದು ಬಗೆ. ಇದರಲ್ಲಿ ಬಚ್ಚಿಟ್ಟ ಪೆಟ್ಟಿಗೆಯ ಅಕ್ಷಾಂಶ-ರೇಖಾಂಶಗಳನ್ನು ನೇರವಾಗಿ ಪ್ರಕಟಿಸದೆ ಚದುರಂಗದ ಸಮಸ್ಯೆಯೊಂದರಲ್ಲಿ ಅಡಗಿಸಲಾಗುತ್ತದೆ. ಶೋಧಕರು ಮೊದಲು ಮನೆಯಲ್ಲಿ ಕುಳಿತು ಸಮಸ್ಯೆಯನ್ನು ಬಿಡಿಸಿ ಅಂಕಿಗಳನ್ನು ಪಡೆಯಬೇಕು. ಅನಂತರ ಉಪಗ್ರಹ ಸಂಚರಣೆಯ ಸಾಧನ ಅಥವಾ ಮೊಬೈಲ್ ಫೋನಿನ ನೆರವಿನಿಂದ ಆ ಸ್ಥಳಕ್ಕೆ ಹೋಗಿ ಪೆಟ್ಟಿಗೆಯನ್ನು ಹುಡುಕಿ, ಅದರೊಳಗಿನ ದಾಖಲೆ ಪುಸ್ತಕದಲ್ಲಿ ಹೆಸರು ಬರೆದು, ಪೆಟ್ಟಿಗೆಯನ್ನು ಮೊದಲಿದ್ದಂತೆಯೇ ಇಟ್ಟು ಬರಬೇಕು. ಈ ಲೇಖನದಲ್ಲಿ ಹಾಸನ ಜಿಲ್ಲೆಯ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಭೂಗೋಳವನ್ನು ಆಧಾರವಾಗಿಟ್ಟುಕೊಂಡು ಇಂತಹ ಒಗಟುಗಳ ರಚನೆ, ಬಿಡಿಸುವ ಕ್ರಮ ಮತ್ತು ಪರಿಶೀಲನೆಯನ್ನು ವಿವರಿಸಲಾಗಿದೆ.

ಹಿನ್ನೆಲೆ

ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ಕಾರವು ಜಿಪಿಎಸ್ ಸಂಕೇತಗಳ ನಿಖರತೆಯನ್ನು ನಾಗರಿಕ ಬಳಕೆದಾರರಿಗೆ ಉದ್ದೇಶಪೂರ್ವಕವಾಗಿ ತಗ್ಗಿಸುತ್ತಿದ್ದ ವ್ಯವಸ್ಥೆಯನ್ನು 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಅದುವರೆಗೆ ಸುಮಾರು ನೂರು ಮೀಟರಿನಷ್ಟಿದ್ದ ದೋಷವು ಒಮ್ಮೆಲೇ ಕೆಲವೇ ಮೀಟರುಗಳಿಗೆ ಇಳಿಯಿತು. 2000ದ ಮೇ 3ರಂದು ಡೇವ್ ಅಲ್ಮರ್ ಎಂಬವರು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡಬ್ಬವೊಂದನ್ನು ಇಟ್ಟು ಅದರ ನಿರ್ದೇಶಾಂಕಗಳನ್ನು ಅಂತರಜಾಲದಲ್ಲಿ ಪ್ರಕಟಿಸಿದರು. ಮೈಕ್ ಟೀಗ್ ಅದನ್ನು ಕೆಲವೇ ದಿನಗಳಲ್ಲಿ ಪತ್ತೆಹಚ್ಚಿದರು. ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಈ ಆಟಕ್ಕೆ ‘ಜಿಯೋಕ್ಯಾಶಿಂಗ್’ ಎಂಬ ಹೆಸರನ್ನು ಸೂಚಿಸಿದರು. 2000ದ ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಶ್ ಜಿಯೋಕ್ಯಾಶಿಂಗ್.ಕಾಂ ಜಾಲತಾಣವನ್ನು ಆರಂಭಿಸಿದರು.

ಈ ಆಟದಲ್ಲಿ ಹಲವು ಬಗೆಯ ಕ್ಯಾಶ್‌ಗಳಿವೆ. ಸಾಂಪ್ರದಾಯಿಕ ಕ್ಯಾಶ್‌ನಲ್ಲಿ ಪ್ರಕಟಿತ ಬಿಂದುವಿನಲ್ಲಿಯೇ ಪೆಟ್ಟಿಗೆ ಇರುತ್ತದೆ. ಬಹುಹಂತದ ಕ್ಯಾಶ್‌ನಲ್ಲಿ ಒಂದು ಸ್ಥಳವು ಮುಂದಿನ ಸ್ಥಳದ ಸುಳಿವನ್ನು ನೀಡುತ್ತದೆ. ನಕ್ಷೆಯಲ್ಲಿ ನೀಲಿ ಪ್ರಶ್ನಾರ್ಥಕ ಚಿಹ್ನೆಯಿಂದ ಗುರುತಿಸಲಾಗುವ ರಹಸ್ಯ ಕ್ಯಾಶ್ ಅಥವಾ ಒಗಟು ಕ್ಯಾಶ್‌ನಲ್ಲಿ ಪ್ರಕಟಿತ ಬಿಂದು ಹುಸಿಯಾಗಿದ್ದು, ನಿಜವಾದ ಬಿಂದುವನ್ನು ಒಗಟಿನಿಂದ ಪಡೆಯಬೇಕು. ಚದುರಂಗದ ಒಗಟುಗಳು ಈ ಕೊನೆಯ ವರ್ಗಕ್ಕೆ ಸೇರುತ್ತವೆ. ಸಾಮಾನ್ಯ ನಿಯಮದಂತೆ ಹುಸಿ ಬಿಂದುವಿಗೂ ನಿಜವಾದ ಪೆಟ್ಟಿಗೆಗೂ ಇರುವ ದೂರವು ಸುಮಾರು 3.2 ಕಿಲೋಮೀಟರನ್ನು ಮೀರಬಾರದು. ಎರಡು ಕ್ಯಾಶ್‌ಗಳ ಪೆಟ್ಟಿಗೆಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕು. ಪ್ರತಿ ಕ್ಯಾಶ್‌ಗೂ ಒಗಟಿನ ಕಠಿಣತೆ ಮತ್ತು ನೆಲದ ದುರ್ಗಮತೆಗಳನ್ನು ಸೂಚಿಸುವ ಎರಡು ಅಂಕಗಳನ್ನು ಒಂದರಿಂದ ಐದರವರೆಗಿನ ಮಾನದಲ್ಲಿ ನೀಡಲಾಗುತ್ತದೆ.

ಚೌಕ ಮತ್ತು ನಿರ್ದೇಶಾಂಕ

ಚದುರಂಗದ ಹಲಗೆಗೂ ಭೂಪಟಕ್ಕೂ ಇರುವ ಸಾಮ್ಯವೇ ಇಂತಹ ಒಗಟುಗಳ ಮೂಲ. ಹಲಗೆಯ 64 ಮನೆಗಳಲ್ಲಿ ಪ್ರತಿಯೊಂದನ್ನೂ ಒಂದು ಕಂಬಸಾಲಿನ ಅಕ್ಷರ ಮತ್ತು ಒಂದು ಅಡ್ಡಸಾಲಿನ ಅಂಕಿಯಿಂದ ಹೆಸರಿಸಲಾಗುತ್ತದೆ. ಬಿಳಿಯ ಆಟಗಾರನ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂಬ ಎಂಟು ಕಂಬಸಾಲುಗಳೂ, ಆತನ ಕಡೆಯಿಂದ ಮೇಲಕ್ಕೆ 1ರಿಂದ 8ರವರೆಗೆ ಅಡ್ಡಸಾಲುಗಳೂ ಇರುತ್ತವೆ. ಭೂಮಿಯ ಮೇಲಿನ ಬಿಂದುವನ್ನೂ ಹೀಗೆಯೇ ಎರಡು ಸಂಖ್ಯೆಗಳಿಂದ ಗುರುತಿಸಲಾಗುತ್ತದೆ. ಎ=1, ಬಿ=2 ಎಂಬಂತೆ ಅಕ್ಷರಗಳಿಗೆ ಅಂಕಿಗಳನ್ನು ಕೊಟ್ಟರೆ ಪ್ರತಿ ಮನೆಯೂ ಎರಡು ಅಂಕಿಗಳ ಜೋಡಿಯಾಗುತ್ತದೆ. ಡಿ8 ಎಂಬುದು 48, ಎಫ್7 ಎಂಬುದು 67.

ಜಿಯೋಕ್ಯಾಶಿಂಗ್‌ನಲ್ಲಿ ನಿರ್ದೇಶಾಂಕಗಳನ್ನು ಅಂಶ ಹಾಗೂ ದಶಮಾಂಶ ಕಲೆಗಳಲ್ಲಿ ಬರೆಯುವುದು ರೂಢಿ. ಕಲೆಯ ಭಾಗದಲ್ಲಿ ಮೂರು ದಶಮಾಂಶ ಸ್ಥಾನಗಳಿರುತ್ತವೆ. ಒಂದು ಅಂಶಕ್ಕೆ 60 ಕಲೆಗಳು. ಹಾಸನ ಜಿಲ್ಲೆಯ ಅಕ್ಷಾಂಶದಲ್ಲಿ ಒಂದು ಕಲೆಯ ಉದ್ದವು ಉತ್ತರ-ದಕ್ಷಿಣವಾಗಿ ಸುಮಾರು 1.84 ಕಿಲೋಮೀಟರ್, ಪೂರ್ವ-ಪಶ್ಚಿಮವಾಗಿ ಸುಮಾರು 1.81 ಕಿಲೋಮೀಟರ್. ಆದುದರಿಂದ ಮೂರನೆಯ ದಶಮಾಂಶ ಸ್ಥಾನದ ಒಂದು ಅಂಕಿಯು ಎರಡೂ ದಿಕ್ಕಿನಲ್ಲಿ ಸುಮಾರು 1.8 ಮೀಟರಿಗೆ ಸಮ. ಕೊನೆಯ ಸ್ಥಾನದಲ್ಲಿ ಒಂದು ಅಂಕಿ ತಪ್ಪಿದರೆ ಶೋಧಕನು ಪೆಟ್ಟಿಗೆಯಿಂದ ಕೆಲವು ಹೆಜ್ಜೆಗಳಷ್ಟು ದೂರ ಇರುತ್ತಾನೆ. ಮೊದಲನೆಯ ದಶಮಾಂಶ ಸ್ಥಾನದಲ್ಲಿ ಒಂದು ಅಂಕಿ ತಪ್ಪಿದರೆ ಸುಮಾರು 180 ಮೀಟರ್ ಆಚೆ, ಬಹುಶಃ ಬೇರೊಬ್ಬರ ಜಮೀನಿನಲ್ಲಿ ನಿಂತಿರುತ್ತಾನೆ.

ಹಾಸನ ಪ್ರದೇಶದ ನಿರ್ದೇಶಾಂಕಗಳು

ಒಗಟನ್ನು ಬಿಡಿಸುವ ಮೊದಲು ಆ ಪ್ರದೇಶದ ನಿರ್ದೇಶಾಂಕಗಳು ಯಾವ ಮಿತಿಯಲ್ಲಿವೆ ಎಂಬುದನ್ನು ತಿಳಿದಿರುವುದು ಉಪಯುಕ್ತ. ನಾಲ್ಕು ಪಟ್ಟಣಗಳ ಸ್ಥೂಲ ನಿರ್ದೇಶಾಂಕಗಳು ಹೀಗಿವೆ:

ಹಾಸನ: ಉ 13° 00′, ಪೂ 76° 06′
ಹೊಳೆನರಸೀಪುರ: ಉ 12° 47′, ಪೂ 76° 14′
ಅರಕಲಗೂಡು: ಉ 12° 46′, ಪೂ 76° 03′
ಚನ್ನರಾಯಪಟ್ಟಣ: ಉ 12° 54′, ಪೂ 76° 23′

ನಾಲ್ಕರಲ್ಲಿಯೂ ರೇಖಾಂಶದ ಅಂಶ 76 ಆಗಿದೆ. ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳಲ್ಲಿ ಅಕ್ಷಾಂಶದ ಅಂಶ 12. ಹಾಸನ ನಗರದ ಸ್ಥಿತಿ ಮಾತ್ರ ಭಿನ್ನ: 13ನೆಯ ಉತ್ತರ ಅಕ್ಷಾಂಶ ರೇಖೆಯು ನಗರದ ಮೂಲಕವೇ ಹಾದುಹೋಗುತ್ತದೆ. ಆದ್ದರಿಂದ ನಗರದ ಒಂದು ಬದಿಯ ಬಿಂದುವು ‘12° 59’ ಎಂದೂ, ಸ್ವಲ್ಪವೇ ಉತ್ತರದ ಬಿಂದುವು ‘13° 00’ ಎಂದೂ ಆರಂಭವಾಗುತ್ತದೆ. ಅಂಶದ ಅಂಕಿಗಳನ್ನು ಪರಿಶೀಲಿಸದೆ ಕಲೆಗಳನ್ನು ಮಾತ್ರ ಒಗಟಿನಿಂದ ಪಡೆದವರು ‘13° 00’ ಎಂದಿರಬೇಕಾದುದನ್ನು ‘12° 00’ ಎಂದು ಬರೆದುಕೊಂಡರೆ ಬಿಂದುವು 110 ಕಿಲೋಮೀಟರ್ ದಕ್ಷಿಣಕ್ಕೆ ಸರಿಯುತ್ತದೆ.

3.2 ಕಿಲೋಮೀಟರಿನ ಮಿತಿಯನ್ನು ಕಲೆಗಳಿಗೆ ಪರಿವರ್ತಿಸಿದರೆ ಸುಮಾರು ಒಂದೂಮುಕ್ಕಾಲು ಕಲೆ. ಆದುದರಿಂದ ಹುಸಿ ಬಿಂದುವನ್ನು ನೋಡಿದೊಡನೆ ಅಂಶಗಳು ಬಹುತೇಕ ಖಚಿತವಾಗುತ್ತವೆ. ಪೂರ್ಣ ಕಲೆಗೆ ಹೆಚ್ಚೆಂದರೆ ಐದು ಸಾಧ್ಯತೆಗಳು ಉಳಿಯುತ್ತವೆ. ಹೆಚ್ಚಿನ ರಚನಕಾರರು ಪೂರ್ಣ ಕಲೆಯನ್ನೂ ತಾವೇ ತಿಳಿಸಿ, ಅಕ್ಷಾಂಶದ ಮೂರು ಮತ್ತು ರೇಖಾಂಶದ ಮೂರು ದಶಮಾಂಶ ಅಂಕಿಗಳನ್ನು ಮಾತ್ರ ಅಡಗಿಸುತ್ತಾರೆ. ಆಗ ಹತ್ತು ಲಕ್ಷ ಸಾಧ್ಯತೆಗಳು ಸುಮಾರು 3.3 ಚದರ ಕಿಲೋಮೀಟರ್ ನೆಲದ ಮೇಲೆ ಹರಡಿಕೊಂಡಿರುತ್ತವೆ. ಇಷ್ಟು ನೆಲವನ್ನು ಕಾಲ್ನಡಿಗೆಯಲ್ಲಿ ಹುಡುಕುವುದು ಅಸಾಧ್ಯವಾದುದರಿಂದ ಒಗಟನ್ನು ಬಿಡಿಸುವುದು ಅನಿವಾರ್ಯವಾಗುತ್ತದೆ.

ಒಗಟಿನ ಬಗೆಗಳು

ಮನೆಯನ್ನು ಸೂಚಿಸುವ ಸಮಸ್ಯೆಗಳು: ಹಲಗೆಯ ಸ್ಥಿತಿಯೊಂದನ್ನು ಕೊಟ್ಟು ‘ಬಿಳಿಯ ನಡೆ, ಒಂದೇ ನಡೆಯಲ್ಲಿ ಚೆಕ್‌ಮೇಟ್’ ಎಂದು ಕೇಳಲಾಗುತ್ತದೆ. ಸರಿಯಾದ ನಡೆಯು ಯಾವ ಮನೆಯಲ್ಲಿ ಮುಗಿಯುವುದೋ ಆ ಮನೆಯೇ ಎರಡು ಅಂಕಿಗಳನ್ನು ನೀಡುತ್ತದೆ. ಇಂತಹ ಮೂರು ಸ್ಥಿತಿಗಳಿಂದ ಆರು ಅಂಕಿಗಳು ದೊರೆಯುತ್ತವೆ. ಇದರ ಒಂದು ಮಿತಿಯೆಂದರೆ ಹಲಗೆಯಲ್ಲಿ 0 ಮತ್ತು 9 ಇಲ್ಲ. ಆದುದರಿಂದ ಈ ಪದ್ಧತಿಯಲ್ಲಿ ಹತ್ತು ಲಕ್ಷದ ಬದಲು 2,62,144 ಬಿಂದುಗಳನ್ನು ಮಾತ್ರ ಸೂಚಿಸಬಹುದು. ರಚನಕಾರನು ಪೆಟ್ಟಿಗೆಯ ಸ್ಥಳವನ್ನೇ ಅದಕ್ಕೆ ಹೊಂದಿಸಬೇಕು ಅಥವಾ ದೊರೆತ ಸಂಖ್ಯೆಗೆ ಇನ್ನೊಂದು ಸಂಖ್ಯೆಯನ್ನು ಕೂಡಿಸಲು ಸೂಚಿಸಬೇಕು.

ಕಾಯಿಗಳ ಮೌಲ್ಯ: ಕಾಲಾಳಿಗೆ 1, ಕುದುರೆ ಮತ್ತು ಒಂಟೆಗೆ ತಲಾ 3, ಆನೆಗೆ 5, ರಾಣಿ ಅಥವಾ ಮಂತ್ರಿಗೆ 9 ಎಂಬುದು ರೂಢಿಯ ಮೌಲ್ಯ. ರಾಜನನ್ನು ಹೊಡೆಯಲಾಗದ ಕಾರಣ ಕೆಲವರು ಅದಕ್ಕೆ 0 ಕೊಡುತ್ತಾರೆ. ಹೀಗೆ ಮನೆಗಳಿಂದ ದೊರೆಯದ 0 ಮತ್ತು 9 ಕಾಯಿಗಳಿಂದ ದೊರೆಯುತ್ತವೆ.

ಸ್ಥಿತಿಲಿಪಿ: ಹಲಗೆಯ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ಬರೆಯುವ ಫೋರ್ಸಿತ್-ಎಡ್ವರ್ಡ್ಸ್ ಲಿಪಿಯಲ್ಲಿ ಕಾಯಿಗಳನ್ನು ಅಕ್ಷರಗಳಿಂದಲೂ, ಅನುಕ್ರಮವಾಗಿ ಬರುವ ಖಾಲಿ ಮನೆಗಳ ಎಣಿಕೆಯನ್ನು ಅಂಕಿಯಿಂದಲೂ ಸೂಚಿಸಲಾಗುತ್ತದೆ. ಪ್ರತಿ ಅಡ್ಡಸಾಲಿನಲ್ಲಿ ಕಾಯಿಗಳ ಸಂಖ್ಯೆ ಮತ್ತು ಖಾಲಿ ಮನೆಗಳ ಸಂಖ್ಯೆ ಸೇರಿ ಎಂಟಾಗಲೇಬೇಕು. ಈ ನಿಯಮವು ಪ್ರತಿಮಾಡುವಾಗ ಆದ ತಪ್ಪನ್ನು ಕೂಡಲೇ ತೋರಿಸಿಕೊಡುತ್ತದೆ.

ಎಂಟು ರಾಣಿಯರ ಸಮಸ್ಯೆ: 1848ರಲ್ಲಿ ಮ್ಯಾಕ್ಸ್ ಬೆಟ್ಸೆಲ್ ಮುಂದಿಟ್ಟ ಈ ಸಮಸ್ಯೆಯಲ್ಲಿ ಎಂಟು ರಾಣಿಯರನ್ನು ಪರಸ್ಪರ ಹೊಡೆಯದಂತೆ ಇರಿಸಬೇಕು. ಇದಕ್ಕೆ 92 ಪರಿಹಾರಗಳಿವೆ. ತಿರುಗಿಸುವಿಕೆ ಮತ್ತು ಪ್ರತಿಬಿಂಬಗಳನ್ನು ಬಿಟ್ಟರೆ ಮೂಲತಃ 12. ಪ್ರತಿ ಕಂಬಸಾಲಿನಲ್ಲಿ ಒಂದೇ ರಾಣಿ ಇರುವುದರಿಂದ ಪರಿಹಾರವನ್ನು 15863724 ಎಂಬಂತಹ ಎಂಟು ಅಂಕಿಗಳ ಸಂಖ್ಯೆಯಾಗಿ ಬರೆಯಬಹುದು. ಕೆಲವು ರಾಣಿಯರನ್ನು ಮೊದಲೇ ಇರಿಸಿ ಉಳಿದವರನ್ನು ಇರಿಸಲು ಹೇಳಿದರೆ ಪರಿಹಾರವನ್ನು ಒಂದೇ ಒಂದಾಗುವಂತೆ ನಿರ್ಬಂಧಿಸಬಹುದು.

ಐತಿಹಾಸಿಕ ಪಂದ್ಯಗಳು: ಪ್ರಸಿದ್ಧ ಪಂದ್ಯವೊಂದರ ಸ್ಥಿತಿಯನ್ನು ತೋರಿಸಿ ಅದನ್ನು ಗುರುತಿಸಲು ಹೇಳಲಾಗುತ್ತದೆ. ಉದಾಹರಣೆಗೆ 1851ರ ಜೂನ್ 21ರಂದು ಲಂಡನ್ನಿನಲ್ಲಿ ಅಡಾಲ್ಫ್ ಆಂಡರ್ಸನ್ ಮತ್ತು ಲಯನೆಲ್ ಕೀಸರಿಟ್ಸ್‌ಕಿ ಆಡಿದ ‘ಅಮರ ಪಂದ್ಯ’ವು 23ನೆಯ ನಡೆಯಲ್ಲಿ ಬಿಳಿಯ ಒಂಟೆಯು ಇ7 ಮನೆಗೆ ಬಂದು ಮುಗಿಯುತ್ತದೆ. ಇದರಿಂದ ವರ್ಷ, ನಡೆಯ ಸಂಖ್ಯೆ ಮತ್ತು 57 ಎಂಬ ಮನೆ ಮೂರೂ ಅಂಕಿಗಳಾಗಿ ಒದಗುತ್ತವೆ.

ಕುದುರೆಯ ಯಾನ

ಕುದುರೆಯು ಹಲಗೆಯ ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟುವಂತೆ ಸಾಗುವ ಹಾದಿಯನ್ನು ಕುದುರೆಯ ಯಾನ ಎನ್ನುತ್ತಾರೆ. ಅಕ್ಷರಗಳನ್ನು ಚೆಲ್ಲಾಡಿದಂತೆ ಮನೆಗಳಲ್ಲಿ ತುಂಬಿ ಕುದುರೆಯ ನಡೆಯಲ್ಲಿ ಓದಿದಾಗ ಮಾತ್ರ ಅರ್ಥವಾಗುವಂತೆ ಮಾಡುವ ಒಗಟು ಜಿಯೋಕ್ಯಾಶಿಂಗ್‌ಗೆ ಹೊಸದಾದರೂ ಭಾರತೀಯ ಸಾಹಿತ್ಯಕ್ಕೆ ಬಹಳ ಹಳೆಯದು. ಒಂಬತ್ತನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟನು ‘ಕಾವ್ಯಾಲಂಕಾರ’ದಲ್ಲಿ ಚಿತ್ರಕಾವ್ಯದ ಒಂದು ಬಗೆಯಾಗಿ ತುರಗಪದವನ್ನು ಉದಾಹರಿಸಿದ್ದಾನೆ. ವೇದಾಂತ ದೇಶಿಕರ ‘ಪಾದುಕಾಸಹಸ್ರ’ದಲ್ಲಿಯೂ ಈ ಬಂಧದ ರಚನೆಯಿದೆ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಹೆಸರಾದವರು ಮೈಸೂರಿನ ಅರಸರಾದ ಮುಮ್ಮಡಿ ಕೃಷ್ಣರಾಜ ಒಡೆಯರು (ಆಳ್ವಿಕೆ 1799–1868). ಫಲಕದ ಆಟಗಳಲ್ಲಿ ಅಪಾರ ಆಸಕ್ತಿಯಿದ್ದ ಅವರು ಕುದುರೆಯ ಯಾನದ ಹಲವು ಚೌಕಗಳನ್ನು ರಚಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರಗಳಿವೆ. ಯುರೋಪಿನಲ್ಲಿ ಲಿಯೊನ್‌ಹಾರ್ಡ್ ಆಯ್ಲರ್ 1759ರಲ್ಲಿ ಈ ಸಮಸ್ಯೆಯನ್ನು ಗಣಿತದ ದೃಷ್ಟಿಯಿಂದ ಪರಿಶೀಲಿಸಿದನು. 1823ರಲ್ಲಿ ವಾರ್ನ್ಸ್‌ಡಾರ್ಫ್ ಒಂದು ಸರಳ ಸೂತ್ರವನ್ನು ನೀಡಿದನು: ಮುಂದೆ ಹೋಗಬಹುದಾದ ಮನೆಗಳಲ್ಲಿ ಯಾವುದರಿಂದ ಹೊರಹೋಗುವ ದಾರಿಗಳು ಅತಿ ಕಡಿಮೆಯೋ ಅಲ್ಲಿಗೇ ಹೋಗಬೇಕು. ಮೂಲೆಯ ಮನೆಗಳಿಗೆ ಎರಡೇ ದಾರಿಗಳಿರುವುದರಿಂದ ಅವುಗಳನ್ನು ಕೊನೆಗೆ ಉಳಿಸಿಕೊಂಡರೆ ಯಾನ ಕೆಡುತ್ತದೆ ಎಂಬುದು ಇದರ ತಿರುಳು. 64 ಮನೆಗಳ ಹಲಗೆಯಲ್ಲಿ ಆರಂಭದ ಮನೆಗೇ ಮರಳಬಲ್ಲ ಯಾನಗಳ ಸಂಖ್ಯೆ, ದಿಕ್ಕನ್ನೂ ಎಣಿಸಿದರೆ, 26,534,728,821,064 ಎಂದು ಗಣಕಯಂತ್ರದಿಂದ ಲೆಕ್ಕಹಾಕಲಾಗಿದೆ. ಹೀಗಾಗಿ ಹಾದಿಯನ್ನು ಕೇವಲ ಊಹೆಯಿಂದ ಪಡೆಯಲಾಗದು. ಅಕ್ಷರಗಳ ಅರ್ಥವೇ ದಾರಿ ತೋರಬೇಕು.

ಕನ್ನಡದಲ್ಲಿ ಇಂತಹ ಒಗಟನ್ನು ರಚಿಸುವಾಗ ಒಂದು ಮನೆಗೆ ಒಂದು ಪೂರ್ಣ ಅಕ್ಷರವನ್ನು, ಅಂದರೆ ಕಾಗುಣಿತ ಅಥವಾ ಒತ್ತಕ್ಷರ ಸಹಿತವಾಗಿ, ಇಡಬೇಕಾಗುತ್ತದೆ. ‘ದು’ ಎಂಬುದು ಓದುಗನಿಗೆ ಒಂದೇ ಅಕ್ಷರವಾದರೂ ಯೂನಿಕೋಡ್‌ನಲ್ಲಿ ಎರಡು ಸಂಕೇತಗಳು. ‘ಲ್ಕು’ ನಾಲ್ಕು ಸಂಕೇತಗಳು. ಇಂಗ್ಲಿಷಿಗಾಗಿ ಬರೆದ ಒಗಟು ತಂತ್ರಾಂಶಗಳು ಇವನ್ನು ಒಡೆದುಬಿಡುತ್ತವೆ. ಕನ್ನಡದ ಅಂಕಿಗಳ ಹೆಸರುಗಳಲ್ಲಿ ಎರಡು ಮತ್ತು ಒಂಬತ್ತು ಮಾತ್ರ ಮೂರು ಅಕ್ಷರಗಳಿಂದ ಕೂಡಿವೆ. ಸೊನ್ನೆಯೂ ಸೇರಿದಂತೆ ಉಳಿದೆಲ್ಲವೂ ಎರಡೆರಡು ಅಕ್ಷರಗಳವು. ಆದುದರಿಂದ ಆರು ಅಂಕಿಗಳನ್ನು 12 ಮನೆಗಳಲ್ಲಿ ಹೊಂದಿಸಬಹುದು. ಮೂರು ಅಡ್ಡಸಾಲು, ನಾಲ್ಕು ಕಂಬಸಾಲುಗಳ ಉದಾಹರಣೆ:

ಐ | ದು | ಎಂ | ಳು
ರು | ಏ | ದು | ಮೂ
ಒಂ | ರು | ಆ | ಟು

ಮೇಲಿನ ಎಡಮೂಲೆಯ ‘ಐ’ಯಿಂದ ಆರಂಭಿಸಿದರೆ ಕುದುರೆಗೆ ಎರಡು ದಾರಿಗಳಿವೆ: ನಡುಸಾಲಿನ ‘ದು’ ಮತ್ತು ಕೆಳಸಾಲಿನ ‘ರು’. ‘ಐರು’ ಎಂಬ ಅಂಕಿಯಿಲ್ಲದ ಕಾರಣ ‘ಐದು’ ಖಚಿತ. ಅಲ್ಲಿಂದ ‘ಒಂ’, ಅನಂತರ ಮೇಲಿನ ಸಾಲಿನ ‘ದು’ ಅನಿವಾರ್ಯ. ಈಗ ‘ಮೂ’ ಮತ್ತು ‘ಆ’ ಎರಡೂ ಸಾಧ್ಯ; ಭಾಷೆಯು ಇಲ್ಲಿ ನೆರವಾಗುವುದಿಲ್ಲ. ‘ಆ’ ಆರಿಸಿಕೊಂಡವರು ಆರು, ಎಂಟು, ಏಳು ಎಂದು ಸಲೀಸಾಗಿ ಮುಂದುವರಿದು ಬಲಮೂಲೆಯ ‘ಳು’ವಿನಲ್ಲಿ ಸಿಕ್ಕಿಬೀಳುತ್ತಾರೆ, ‘ಮೂ’ ಮತ್ತು ‘ರು’ ಮುಟ್ಟದೆ ಉಳಿಯುತ್ತವೆ. ‘ಮೂ’ ಆರಿಸಿಕೊಂಡವರಿಗೆ ಮೂರು, ಎಂಟು, ಏಳು, ಆರು ಎಂಬ ಕ್ರಮದಲ್ಲಿ ಹನ್ನೆರಡು ಮನೆಗಳೂ ಮುಗಿಯುತ್ತವೆ. ಉತ್ತರ 513 876. ತಪ್ಪು ಹಾದಿಯೂ ಬಹುದೂರದವರೆಗೆ ಅರ್ಥವತ್ತಾಗಿಯೇ ಕಾಣುತ್ತದೆ ಎಂಬುದನ್ನು ಈ ಉದಾಹರಣೆ ತೋರಿಸುತ್ತದೆ. ಎಲ್ಲ ಮನೆಗಳೂ ಮುಗಿಯಬೇಕೆಂಬ ನಿಯಮವೇ ಇಲ್ಲಿನ ಪರೀಕ್ಷೆ.

ಬಿಡಿಸುವ ಕ್ರಮ: ಒಂದು ಉದಾಹರಣೆ

ಕೆಳಗಿನ ಒಗಟು ವಿವರಣೆಗಾಗಿ ಮಾತ್ರ ರಚಿಸಲಾದ ಕಾಲ್ಪನಿಕ ಉದಾಹರಣೆ. ಇದರಿಂದ ದೊರೆಯುವ ಬಿಂದುವಿನಲ್ಲಿ ಯಾವ ಪೆಟ್ಟಿಗೆಯನ್ನೂ ಇಟ್ಟಿಲ್ಲ. ಚನ್ನರಾಯಪಟ್ಟಣದ ಬಳಿಯ ಕ್ಯಾಶ್‌ನ ನಿಜ ಬಿಂದುವು ಉ 12° 54.ಕಖಗ′, ಪೂ 76° 23.ಚಛಜ′ ಎಂದಿರಲಿ. ಮೂರು ಸ್ಥಿತಿಗಳಲ್ಲಿಯೂ ಬಿಳಿಯದೇ ನಡೆ. ಒಂದೇ ನಡೆಯಲ್ಲಿ ಚೆಕ್‌ಮೇಟ್ ಆಗಬೇಕು.

ಮೊದಲನೆಯ ಸ್ಥಿತಿ: ಬಿಳಿಯ ರಾಜ ಜಿ1, ಆನೆ ಡಿ1; ಕರಿಯ ರಾಜ ಜಿ8, ಕಾಲಾಳುಗಳು ಎಫ್7, ಜಿ7, ಎಚ್7. ಕರಿಯ ರಾಜನ ಮುಂದೆ ಅವನದೇ ಕಾಲಾಳುಗಳು ಗೋಡೆಯಾಗಿವೆ. ಆನೆಯು ಡಿ8ಕ್ಕೆ ಹೋದರೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಉತ್ತರ 48.

ಎರಡನೆಯ ಸ್ಥಿತಿ: ಬಿಳಿಯ ರಾಜ ಜಿ1, ಕುದುರೆ ಎಚ್6, ಕರಿಯ ರಾಜ ಎಚ್8, ಆನೆ ಜಿ8, ಕಾಲಾಳುಗಳು ಜಿ7, ಎಚ್7. ಕರಿಯ ರಾಜನ ಸುತ್ತಲಿನ ಮೂರು ಮನೆಗಳನ್ನೂ ಅವನ ಕಾಯಿಗಳೇ ಆಕ್ರಮಿಸಿವೆ. ಕುದುರೆಯು ಎಫ್7ಕ್ಕೆ ಹಾರಿದರೆ ಉಸಿರುಗಟ್ಟಿದ ಮೇಟ್ ಆಗುತ್ತದೆ. ಉತ್ತರ 67.

ಮೂರನೆಯ ಸ್ಥಿತಿ: ಬಿಳಿಯ ರಾಜ ಡಿ3, ಆನೆ ಬಿ8, ಕರಿಯ ರಾಜ ಡಿ1. ಎರಡನೆಯ ಅಡ್ಡಸಾಲಿನ ಮೂರು ಮನೆಗಳನ್ನು ಬಿಳಿಯ ರಾಜನೇ ಕಾಯುತ್ತಾನೆ. ಆನೆಯು ಬಿ1ಕ್ಕೆ ಇಳಿದರೆ ಮೊದಲನೆಯ ಸಾಲೂ ಮುಚ್ಚಿಹೋಗುತ್ತದೆ. ಉತ್ತರ 21.

ಮೂರು ಉತ್ತರಗಳನ್ನು ಜೋಡಿಸಿದರೆ 486721. ಬಿಂದುವು ಉ 12° 54.486′, ಪೂ 76° 23.721′ ಆಗುತ್ತದೆ. ಮೂರೂ ಸ್ಥಿತಿಗಳಲ್ಲಿ ಬೇರೆ ಯಾವ ನಡೆಯಿಂದಲೂ ಮೇಟ್ ಆಗುವುದಿಲ್ಲ. ಚದುರಂಗ ಸಮಸ್ಯೆಗಳಲ್ಲಿ ಎರಡನೆಯ ಪರಿಹಾರವಿದ್ದರೆ ಅದು ದೋಷವೆನಿಸುತ್ತದೆ. ಇಂತಹ ಒಗಟಿನಲ್ಲಾದರೋ ಅದು ಶೋಧಕರನ್ನು ಬೇರೆಯೇ ನೆಲಕ್ಕೆ ಕಳುಹಿಸುತ್ತದೆ. ಆದುದರಿಂದ ರಚನಕಾರರು ಪ್ರಕಟಣೆಗೆ ಮುನ್ನ ಚದುರಂಗ ತಂತ್ರಾಂಶದಿಂದ ಪ್ರತಿ ಸ್ಥಿತಿಯನ್ನೂ ಪರೀಕ್ಷಿಸುವುದು ವಾಡಿಕೆ.

ಪರಿಶೀಲನೆ

ಬಿಡಿಸಿದ ಉತ್ತರದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ತಪ್ಪುಗಳು ನುಸುಳುತ್ತವೆ.

ಮೊದಲನೆಯದು ಕಂಬಸಾಲು ಮತ್ತು ಅಡ್ಡಸಾಲುಗಳ ಅದಲುಬದಲು. ಮೇಲಿನ ಉದಾಹರಣೆಯಲ್ಲಿ ಅಡ್ಡಸಾಲಿನ ಅಂಕಿಯನ್ನು ಮೊದಲು ಓದಿದರೆ 847612 ಬರುತ್ತದೆ; ಬಿಂದುವು ಸರಿಯಾದ ಸ್ಥಳದಿಂದ ಸುಮಾರು 690 ಮೀಟರ್ ಸರಿಯುತ್ತದೆ. ಎರಡೂ ಬಿಂದುಗಳು 3.2 ಕಿಲೋಮೀಟರಿನ ಮಿತಿಯೊಳಗೇ ಇರುವುದರಿಂದ ನಕ್ಷೆಯನ್ನು ನೋಡಿ ತಪ್ಪನ್ನು ಕಂಡುಹಿಡಿಯುವುದು ಕಷ್ಟ.

ಎರಡನೆಯದು ಹಲಗೆಯನ್ನು ಕರಿಯ ಕಡೆಯಿಂದ ನೋಡುವುದು. ಚಿತ್ರದಲ್ಲಿ ಅಕ್ಷರ-ಅಂಕಿಗಳನ್ನು ಮುದ್ರಿಸಿರದಿದ್ದರೆ ಎ1 ಮನೆಯು ಎಚ್8 ಆಗಿಬಿಡುತ್ತದೆ. ಪ್ರತಿ ಅಂಕಿಯೂ ಒಂಬತ್ತರಿಂದ ಕಳೆದ ಅಂಕಿಯಾಗಿ ಬದಲಾಗುತ್ತದೆ.

ಮೂರನೆಯದು ಮಾನದ ಗೊಂದಲ. ಉ 12° 54.486′ ಎಂಬುದನ್ನು ದಶಮಾಂಶ ಅಂಶಗಳಲ್ಲಿ ಬರೆದರೆ 12.90810°, ಪೂ 76° 23.721′ ಎಂಬುದು 76.39535°. ಕಲೆಗಳನ್ನು 60ರಿಂದ ಭಾಗಿಸದೆ 12.54486, 76.23721 ಎಂದು ಫೋನಿನ ನಕ್ಷೆಯಲ್ಲಿ ನಮೂದಿಸಿದವರು ಚನ್ನರಾಯಪಟ್ಟಣದಿಂದ ನೈರುತ್ಯಕ್ಕೆ 40 ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕಾಗುತ್ತದೆ.

ತಪ್ಪುಗಳನ್ನು ತಡೆಯಲು ರಚನಕಾರರು ಪರೀಕ್ಷಾ ಮೊತ್ತವೊಂದನ್ನು ನೀಡುತ್ತಾರೆ. ಆರು ಅಂಕಿಗಳ ಸರಳ ಮೊತ್ತ ಇಲ್ಲಿ 28. ಆದರೆ ಕಂಬಸಾಲು-ಅಡ್ಡಸಾಲುಗಳನ್ನು ಅದಲುಬದಲು ಮಾಡಿದರೂ ಅದೇ ಅಂಕಿಗಳು ಬೇರೆ ಕ್ರಮದಲ್ಲಿ ಬರುವುದರಿಂದ ಮೊತ್ತ 28 ಆಗಿಯೇ ಉಳಿಯುತ್ತದೆ, ಪರೀಕ್ಷೆ ವಿಫಲವಾಗುತ್ತದೆ. ಮೊದಲನೆಯ ಅಂಕಿಯನ್ನು 1ರಿಂದ, ಎರಡನೆಯದನ್ನು 2ರಿಂದ, ಹೀಗೆ ಆರನೆಯದನ್ನು 6ರಿಂದ ಗುಣಿಸಿ ಕೂಡಿಸಿದರೆ ಸರಿಯಾದ ಉತ್ತರಕ್ಕೆ 82, ಅದಲುಬದಲಾದ ಉತ್ತರಕ್ಕೆ 78 ದೊರೆಯುತ್ತದೆ. ಚದುರಂಗದ ಒಗಟುಗಳಿಗೆ ಈ ಭಾರಿತ ಮೊತ್ತವೇ ಹೆಚ್ಚು ಯೋಗ್ಯ. ಇದಲ್ಲದೆ, ಉತ್ತರವನ್ನು ಬಯಲುಮಾಡದೆ ‘ಸರಿ’ ಅಥವಾ ‘ತಪ್ಪು’ ಎಂದಷ್ಟೇ ತಿಳಿಸುವ ಜಾಲತಾಣದ ಪರೀಕ್ಷಕ ಸೌಲಭ್ಯಗಳೂ ಬಳಕೆಯಲ್ಲಿವೆ.

ನೆಲದ ಮೇಲಿನ ಶೋಧ

ಸರಿಯಾದ ಬಿಂದು ದೊರೆತ ಮೇಲೂ ಹುಡುಕಾಟ ಉಳಿದೇ ಇರುತ್ತದೆ. ತೆರೆದ ಬಯಲಿನಲ್ಲಿ ಮೊಬೈಲ್ ಫೋನಿನ ದೋಷವು ಕೆಲವು ಮೀಟರುಗಳಷ್ಟಿದ್ದರೆ ತೆಂಗಿನ ತೋಟ, ದಟ್ಟ ಮರಗಳು, ಬಂಡೆಗಳ ಸಂದು ಮತ್ತು ಎತ್ತರದ ಕಟ್ಟಡಗಳ ನಡುವೆ ಅದು ಹೆಚ್ಚುತ್ತದೆ. ಅನುಭವಿಗಳು ಬಿಂದುವಿನ ಹತ್ತಿರ ಬಂದ ಮೇಲೆ ಪರದೆಯನ್ನು ಬಿಟ್ಟು, ಸುತ್ತಲಿನ ಹತ್ತು ಮೀಟರ್ ವ್ಯಾಪ್ತಿಯಲ್ಲಿ ಪೆಟ್ಟಿಗೆಯನ್ನು ಇಡಲು ಯೋಗ್ಯವಾದ ಸಂದುಗಳನ್ನು ಕಣ್ಣಿನಿಂದ ಹುಡುಕುತ್ತಾರೆ.

ಹಾಸನ ಪ್ರದೇಶದಲ್ಲಿ ಋತುಮಾನವನ್ನೂ ಗಮನಿಸಬೇಕು. ಗೊರೂರಿನ ಬಳಿಯ ಹೇಮಾವತಿ ಜಲಾಶಯದ ಹಿನ್ನೀರು ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಅವಶೇಷವು ಬೇಸಿಗೆಯಲ್ಲಿ ನೆಲದ ಮೇಲೆ ನಿಂತಿದ್ದು ಮಳೆಗಾಲದಲ್ಲಿ ಭಾಗಶಃ ಮುಳುಗುವುದು ಇದಕ್ಕೆ ಪ್ರಸಿದ್ಧ ನಿದರ್ಶನ. ಮಾರ್ಚ್‌ನಲ್ಲಿ ಒಣನೆಲವಾಗಿರುವ ಬಿಂದುವು ಆಗಸ್ಟ್‌ನಲ್ಲಿ ನೀರಿನಡಿಯಲ್ಲಿರಬಹುದು. ಹೊಳೆನರಸೀಪುರದಲ್ಲಿ ಹೇಮಾವತಿಯ ದಡ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದಡಗಳಿಗೂ ಇದೇ ಎಚ್ಚರ ಅನ್ವಯಿಸುತ್ತದೆ. ಅರಕಲಗೂಡು ತಾಲ್ಲೂಕಿನ ಕಾಡಂಚಿನ ಗ್ರಾಮಗಳಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ ಮುಂಜಾನೆ ಮತ್ತು ಸಂಜೆಯ ಶೋಧ ಸುರಕ್ಷಿತವಲ್ಲ.

ಕಾನೂನು ಮತ್ತು ಸಾಮಾಜಿಕ ಅಂಶಗಳು

ಜಿಯೋಕ್ಯಾಶಿಂಗ್ ಅನ್ನು ಕನ್ನಡದಲ್ಲಿ ‘ನಿಧಿಶೋಧ’ ಎಂದು ಅನುವಾದಿಸುವುದುಂಟು. ಆದರೆ ಕರ್ನಾಟಕದ ಗ್ರಾಮಗಳಲ್ಲಿ ‘ನಿಧಿ’ ಎಂಬ ಪದಕ್ಕೆ ಬೇರೆಯೇ ಅರ್ಥಛಾಯೆಯಿದೆ. ಪಾಳುಬಿದ್ದ ಗುಡಿಗಳ ಗರ್ಭಗೃಹ, ವೀರಗಲ್ಲು ಮತ್ತು ಮಂಟಪಗಳನ್ನು ನಿಧಿಯಾಸೆಗೆ ಅಗೆದು ಹಾಳುಮಾಡಿದ ಘಟನೆಗಳು ನಡೆದಿರುವುದರಿಂದ, ಹಳೆಯ ಕಲ್ಲುಗಳ ನಡುವೆ ಏನನ್ನೋ ಹುಡುಕುವ ಅಪರಿಚಿತರನ್ನು ಗ್ರಾಮಸ್ಥರು ಸಂಶಯದಿಂದ ನೋಡುವುದು ಸಹಜ. 1878ರ ಭಾರತೀಯ ನಿಧಿ ಅಧಿನಿಯಮದ ಪ್ರಕಾರ ನೆಲದಲ್ಲಿ ಅಡಗಿರುವ ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ವಸ್ತು ದೊರೆತರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಜಿಯೋಕ್ಯಾಶ್ ಪೆಟ್ಟಿಗೆಯಲ್ಲಿ ದಾಖಲೆ ಪುಸ್ತಕ ಮತ್ತು ಸಣ್ಣಪುಟ್ಟ ವಿನಿಮಯದ ವಸ್ತುಗಳಲ್ಲದೆ ಬೆಲೆಬಾಳುವ ಯಾವುದನ್ನೂ ಇಡುವುದಿಲ್ಲ. ಆಟದ ನಿಯಮಗಳು ಪೆಟ್ಟಿಗೆಯನ್ನು ನೆಲದಲ್ಲಿ ಹೂಳುವುದನ್ನು ಒಪ್ಪುವುದಿಲ್ಲ. ಪೆಟ್ಟಿಗೆಯ ಮೇಲೆಯೂ ಒಳಗೂ ಆಟದ ಸ್ವರೂಪವನ್ನು ಕನ್ನಡದಲ್ಲಿ ವಿವರಿಸುವ ಚೀಟಿ ಇದ್ದರೆ ಆಕಸ್ಮಿಕವಾಗಿ ಕಂಡವರ ಆತಂಕ ದೂರವಾಗುತ್ತದೆ.

ಹಾಸನ ಜಿಲ್ಲೆಯು ಸಂರಕ್ಷಿತ ಸ್ಮಾರಕಗಳಿಂದ ಸಮೃದ್ಧವಾಗಿದೆ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಶ್ರವಣಬೆಳಗೊಳ ಮತ್ತು ನುಗ್ಗೇಹಳ್ಳಿ, ಹಾಸನ ತಾಲ್ಲೂಕಿನಲ್ಲಿ ದೊಡ್ಡಗದ್ದವಳ್ಳಿ ಮತ್ತು ಮೊಸಳೆ ಇವುಗಳಲ್ಲಿ ಮುಖ್ಯವಾದವು. ಬೇಲೂರು ಮತ್ತು ಹಳೇಬೀಡುಗಳು ಸೋಮನಾಥಪುರದೊಂದಿಗೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1958ರ ಕೇಂದ್ರ ಅಧಿನಿಯಮ ಮತ್ತು 1961ರ ಕರ್ನಾಟಕದ ಅಧಿನಿಯಮಗಳು ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡುವುದನ್ನು ಶಿಕ್ಷಾರ್ಹ ಅಪರಾಧವಾಗಿಸಿವೆ. ಇಂತಹ ಸ್ಥಳಗಳನ್ನು ಒಗಟಿನ ಹುಸಿ ಬಿಂದುವಾಗಿ ಅಥವಾ ಶಾಸನದ ವರ್ಷ, ಕಂಬಗಳ ಎಣಿಕೆ ಮೊದಲಾದ ಸುಳಿವುಗಳಿಗಾಗಿ ಬಳಸಿ, ಪೆಟ್ಟಿಗೆಯನ್ನು ಮಾತ್ರ ಅನುಮತಿ ಪಡೆದ ಬೇರೊಂದು ಸ್ಥಳದಲ್ಲಿ ಇಡುವುದು ಒಗಟು ಕ್ಯಾಶ್‌ನಲ್ಲಿ ಸುಲಭಸಾಧ್ಯ. ನೋಡಬೇಕಾದ ಸ್ಥಳ ಮತ್ತು ಕೈಹಾಕಬೇಕಾದ ಸ್ಥಳಗಳನ್ನು ಬೇರ್ಪಡಿಸಬಹುದೆಂಬುದು ಸಾಂಪ್ರದಾಯಿಕ ಕ್ಯಾಶ್‌ಗಿಂತ ಇದಕ್ಕಿರುವ ಅನುಕೂಲ. ಖಾಸಗಿ ಜಮೀನು, ರೈಲುಮಾರ್ಗ, ಅಣೆಕಟ್ಟು ಹಾಗೂ ನಿರ್ಬಂಧಿತ ಸರ್ಕಾರಿ ಆವರಣಗಳನ್ನು ಎರಡೂ ಉದ್ದೇಶಗಳಿಗೆ ದೂರವಿಡಬೇಕು.

ಹಾಸನ ಮತ್ತು ಉಪಗ್ರಹ ಸಂಚರಣೆ

ಈ ಆಟವನ್ನು ಸಾಧ್ಯವಾಗಿಸಿದ ಉಪಗ್ರಹ ಸಂಚರಣೆಯೊಂದಿಗೆ ಹಾಸನಕ್ಕೆ ನೇರ ಸಂಬಂಧವಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು 1982ರಲ್ಲಿ ಹಾಸನದಲ್ಲಿ ಸ್ಥಾಪನೆಯಾಯಿತು. ಭಾರತದ ಸ್ವಂತ ಸಂಚರಣ ವ್ಯವಸ್ಥೆಯಾದ ನಾವಿಕ್‌ನ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ 2013ರ ಜುಲೈ 1ರಂದು ಉಡಾವಣೆಗೊಂಡಾಗ ಅದರ ಕಕ್ಷೆಯನ್ನು ಏರಿಸುವ ಕಾರ್ಯವನ್ನು ಈ ಕೇಂದ್ರದಿಂದ ನಿರ್ವಹಿಸಲಾಯಿತು. ನಾವಿಕ್ ಸಂಕೇತಗಳನ್ನು ಗ್ರಹಿಸಬಲ್ಲ ಫೋನುಗಳು ಜಿಪಿಎಸ್‌ನೊಂದಿಗೆ ಅವನ್ನೂ ಬಳಸಿಕೊಂಡು ಬಿಂದುವನ್ನು ನಿರ್ಧರಿಸುತ್ತವೆ.

ಇವನ್ನೂ ನೋಡಿ

ಚದುರಂಗ
ಜಿಪಿಎಸ್
ಮುಮ್ಮಡಿ ಕೃಷ್ಣರಾಜ ಒಡೆಯರು
ಚಿತ್ರಕಾವ್ಯ
ಹಾಸನ ಜಿಲ್ಲೆ